ಅರವತ್ತಮೂರನೇ ಮೈಕಿನ ‘ಇಲ್ಲ’

ಹೂಂರಾಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಯಾರು ಏನು ಕೇಳಿದರೂ “ಹೂಂ” ಎನ್ನುವ ಅವನ ಗುಣ ಕಂಡು, ಮದುವೆಯಾದ ವಾರದಲ್ಲೇ ಹೆಂಡತಿಯ ಕಡೆಯವರು ಈ ಹೆಸರಿಟ್ಟರು. ಹೀಗೆ ಕರೆಯಬಹುದೇ ಎಂದು ಅವನನ್ನೇ ಕೇಳಿದರಂತೆ. ಅವನು “ಹೂಂ” ಎಂದನಂತೆ.

ಇದನ್ನು ಒಳ್ಳೆಯತನ ಎಂದು ತಿಳಿದು ಯಾರೂ ಮೋಸ ಹೋಗಬಾರದು. ‘ಇಲ್ಲ’ ಎನ್ನಬೇಕಾದರೆ ಎದುರಿಗಿರುವವರ ಮುಖ ಸಪ್ಪಗಾಗುವುದನ್ನು ನೋಡಬೇಕು. ಆಮೇಲೆ ಅವರು “ಯಾಕೆ?” ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಹುಡುಕಬೇಕು. ‘ಹೂಂ’ ಎನ್ನುವುದಕ್ಕಾದರೆ ಬಾಯಿ ತೆರೆಯುವ ಶ್ರಮವೂ ಬೇಡ. ಹೂಂರಾಯ ನಲವತ್ತಾರು ವರ್ಷ ಈ ಸುಲಭದ ದಾರಿಯಲ್ಲೇ ನಡೆದು ಬಂದಿದ್ದ.

ಅದರ ಫಲವನ್ನು ನೋಡಬೇಕಾದರೆ ಅವನ ಏಣಿಯನ್ನು ನೋಡಬೇಕು. ಎದುರುಮನೆಯ ನಿವೃತ್ತ ಮೇಷ್ಟ್ರು ಮೂರು ವರ್ಷದ ಹಿಂದೆ “ಒಂದು ಗಳಿಗೆ ಏಣಿ ಕೊಡಪ್ಪಾ” ಎಂದು ಕೇಳಿ ತೆಗೆದುಕೊಂಡು ಹೋದವರು, ಆ ಗಳಿಗೆಯನ್ನು ಇನ್ನೂ ಮುಗಿಸಿರಲಿಲ್ಲ. ತನ್ನ ಏಣಿ ತನಗೆ ಬೇಕಾದಾಗ ಹೂಂರಾಯ ಮೇಷ್ಟ್ರ ಬಾಗಿಲಿಗೆ ಹೋಗಿ ಕೈಕಟ್ಟಿ ನಿಂತು ಕೇಳಿ ತರುತ್ತಿದ್ದ. ಕೆಲಸ ಮುಗಿದ ಮೇಲೆ ಒರೆಸಿ ವಾಪಸು ಕೊಟ್ಟು ಬರುತ್ತಿದ್ದ. ಒಮ್ಮೆ ಒರೆಸಲು ಮರೆತದ್ದಕ್ಕೆ ಬೈಸಿಕೊಂಡೂ ಇದ್ದ.

ಆ ದಿನ ಬೆಳಿಗ್ಗೆಯೂ ಏಣಿ ತಂದು, ಮನೆಯ ಮೆಟ್ಟಿಲ ಪಕ್ಕ ಬೀದಿಗೆ ಟಾರ್ಪಾಲು ಕಟ್ಟಿದ. ಟಾರ್ಪಾಲಿನ ಕೆಳಗೆ ಅವನ ಹೆಂಡತಿಯ ಹೊಲಿಗೆ ಮಿಷನ್ನು. ಹದಿನೈದು ವರ್ಷದಿಂದ ಅವಳು ಅದೇ ಜಾಗದಲ್ಲಿ ಕೂತು ಬೀದಿಯ ಜನರ ಹರಿದ ತೋಳು, ಕಿತ್ತ ಜಿಪ್ಪು, ಉದ್ದವಾದ ಪ್ಯಾಂಟುಗಳನ್ನೆಲ್ಲ ಸರಿಮಾಡುತ್ತಿದ್ದಳು. ಹೂಂರಾಯನ ಸಂಬಳ ಬರುವ ತಿಂಗಳು ಬಂತು, ಬಾರದ ತಿಂಗಳು ಇಲ್ಲ. ಮನೆ ನಡೆಯುತ್ತಿದ್ದದ್ದು ಆ ಮಿಷನ್ನಿನ ಚಕ್ರದ ಮೇಲೆಯೇ.

“ಏಣಿ ವಾಪಸ್ ಕೊಡ್ಬೇಡಿ ಇವತ್ತು. ಸಂಜೆ ಇನ್ನೊಂದು ಮೂಲೆ ಕಟ್ಬೇಕು,” ಎಂದಳು ಹೆಂಡತಿ.

“ಹೂಂ.”

“ಮೇಷ್ಟ್ರು ಕೇಳಿದ್ರೆ?”

ಹೂಂರಾಯ ನೆಲ ನೋಡಿದ.

“ರೀ, ಒಂದೇ ಒಂದ್ಸಲ ಬಾಯಿ ಬಿಟ್ಟು ‘ಇಲ್ಲ’ ಅಂತ ಹೇಳಿ ನೋಡ್ರೀ. ಆಕಾಶ ಏನೂ ಕಳಚಿ ಬೀಳಲ್ಲ.”

“ಹೂಂ,” ಎಂದು ಹೂಂರಾಯ ಕೆಲಸಕ್ಕೆ ಹೊರಟ.

ಅವನ ಕೆಲಸ ವಿಧಾನಸಭೆಯಲ್ಲಿ. ಸದಸ್ಯನೆಂದು ತಿಳಿಯಬೇಡಿ, ಮೈಕ್ ರಿಪೇರಿ. ಒಂಬತ್ತು ವರ್ಷದಿಂದ ಹಂಗಾಮಿ. ಕೆಲಸ ಕೊಡಿಸಿದ್ದು ಹೆಂಡತಿಯ ಅಣ್ಣ, ಅಂದರೆ ಅವನ ಭಾವ. ಭಾವ ಅದೇ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ತಂಗಿಯ ಗಂಡನನ್ನು ಮನೆಯಲ್ಲಿ ‘ನೀವು’ ಎಂದು ಕರೆಯುವ ಈ ಮನುಷ್ಯ, ಕಚೇರಿಯ ಮೆಟ್ಟಿಲು ಹತ್ತಿದೊಡನೆ ‘ನೀನು’ ಎನ್ನುತ್ತಿದ್ದ. ಮೆಟ್ಟಿಲಿನ ಮಹಿಮೆ.

ಆ ದಿನ ಸದನದಲ್ಲಿ ವಿಶೇಷವೇನೂ ಇರಲಿಲ್ಲ. ಪ್ರಶ್ನೆಗಳನ್ನು ಕೇಳಿ ಆಗಿತ್ತು, ಅವುಗಳಿಗೆ ಉತ್ತರವಲ್ಲದ ಉತ್ತರಗಳನ್ನು ಓದಿ ಆಗಿತ್ತು. ವಿರೋಧ ಪಕ್ಷದವರು ಘೋಷಣೆ ಕೂಗಿ, ಸಭಾತ್ಯಾಗ ಮಾಡಿ, ನೇರವಾಗಿ ಕ್ಯಾಂಟೀನಿಗೆ ಹೋಗಿ ಕೂತಿದ್ದರು. ಮಧ್ಯಾಹ್ನದ ಊಟಕ್ಕೆ ಐದು ನಿಮಿಷ ಉಳಿದಿರುವಾಗ ಒಳಗಿದ್ದವರು ಹದಿನೇಳು ಜನ. ಅವರಲ್ಲಿ ಎಚ್ಚರವಿದ್ದವರ ಸಂಖ್ಯೆಯನ್ನು ಸದನದ ಗೌರವದ ದೃಷ್ಟಿಯಿಂದ ಇಲ್ಲಿ ಹೇಳುತ್ತಿಲ್ಲ.

ಆಗ ಒಂದು ತೊಂದರೆ ಎದ್ದಿತು. ಅರವತ್ತಮೂರನೇ ಆಸನದ ಮೈಕು ಬಂದ್ ಆಗಲೊಲ್ಲದು. ಆ ಆಸನದಲ್ಲಿ ಕೂರುವವರು ಆಳುವ ಪಕ್ಷದ ಒಬ್ಬ ಹಿರಿಯ ಸದಸ್ಯರು. ನಾಲ್ಕು ವರ್ಷದಲ್ಲಿ ಒಂದೇ ಒಂದು ಮಾತನ್ನೂ ಆಡದಿದ್ದ ಅವರನ್ನು ಎಲ್ಲರೂ ಮೌನಿ ಅಜ್ಜ ಎನ್ನುತ್ತಿದ್ದರು. ಅಜ್ಜನ ಬಾಯಿ ಮೌನಿಯಾಗಿದ್ದರೂ ಮೂಗು ಹಾಗಿರಲಿಲ್ಲ. ಅವರ ಗೊರಕೆ ಸದನದ ಹನ್ನೆರಡು ಧ್ವನಿವರ್ಧಕಗಳಿಂದಲೂ ಹೊರಡುತ್ತಿತ್ತು. ನಡುವೆ ಕೂತು ಪ್ರತಿ ಮಾತನ್ನೂ ಬರೆದುಕೊಳ್ಳುವ ಶೀಘ್ರಲಿಪಿಗಾರ ಸ್ವಲ್ಪ ಯೋಚಿಸಿ “ಅಸ್ಪಷ್ಟ” ಎಂದು ಬರೆದುಕೊಂಡ.

ಹೂಂರಾಯನನ್ನು ಅಟ್ಟಿದರು. ಅವನು ಚಪ್ಪಲಿ ಬಿಟ್ಟು, ಬಗ್ಗಿ, ನುಸುಳಿ, ಅರವತ್ತಮೂರನೇ ಮೇಜಿನ ಕೆಳಗೆ ಸೇರಿಕೊಂಡ. ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಇಡಲು ಏನೂ ಸಿಗದೆ, ಅಜ್ಜನ ಮೇಜಿನ ಮೇಲಿದ್ದ ಯಾವುದೋ ಅಚ್ಚಾದ ಕಾಗದವನ್ನು ಎಳೆದು ಕೆಳಗೆ ಹಾಸಿಕೊಂಡ. ಎರಡೂ ಕಿವಿ ಮುಚ್ಚುವ ಹೆಡ್‌ಫೋನು ಅವನ ತಲೆಯ ಮೇಲಿತ್ತು. ಅದರಲ್ಲಿ ಮೇಲಿನ ಕೋಣೆಯಲ್ಲಿ ಗುಂಡಿಗಳ ಮುಂದೆ ಕೂತ ಜೊತೆಗಾರನ ಧ್ವನಿ ಬಿಟ್ಟರೆ ಲೋಕದ ಇನ್ನಾವ ಶಬ್ದವೂ ಕೇಳಿಸುತ್ತಿರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಸಭಾಧ್ಯಕ್ಷರು ಒಂದು ವಿಧೇಯಕವನ್ನು ಧ್ವನಿಮತಕ್ಕೆ ಹಾಕಿದರು.

ಧ್ವನಿಮತ ಎಂದರೆ ಧ್ವನಿಯೂ ಬೇಡದ, ಮತವೂ ಬೇಡದ ಒಂದು ಏರ್ಪಾಟು. ಸಭಾಧ್ಯಕ್ಷರು “ಪರವಾಗಿರುವವರು ಹೌದು ಎನ್ನಿ” ಎನ್ನುತ್ತಾರೆ. ಆಳುವ ಪಕ್ಷದ ಮುಖ್ಯ ಸಚೇತಕರು ಎಲ್ಲರ ಪರವಾಗಿ ಒಬ್ಬರೇ “ಹೌದು” ಎನ್ನುತ್ತಾರೆ. “ವಿರೋಧವಾಗಿರುವವರು ಇಲ್ಲ ಎನ್ನಿ” ಎಂದಾಗ ಯಾರೂ ಏನೂ ಅನ್ನುವುದಿಲ್ಲ. ಸಭಾಧ್ಯಕ್ಷರ ಮುಂದೆ ಒಂದು ರಟ್ಟು ಇರುತ್ತದೆ. ಅದರ ಮೇಲಿನ ಸಾಲಿನಲ್ಲಿ “ಹೌದು ಎನ್ನುವವರ ಪರವಾಗಿದೆ, ವಿಧೇಯಕ ಅಂಗೀಕೃತ” ಎಂದೂ ಕೆಳಗಿನ ಸಾಲಿನಲ್ಲಿ “ಇಲ್ಲ ಎನ್ನುವವರ ಪರವಾಗಿದೆ, ವಿಧೇಯಕ ತಿರಸ್ಕೃತ” ಎಂದೂ ಬರೆದಿರುತ್ತದೆ. ಕೆಳಗಿನ ಸಾಲನ್ನು ಇದುವರೆಗೆ ಯಾರೂ ಓದಿದ್ದಿಲ್ಲ.

ಆ ದಿನ ಮುಖ್ಯ ಸಚೇತಕರು ಫೋನು ಬಂತೆಂದು ಹೊರಗೆ ಹೋಗಿದ್ದರು. “ಹೌದು ಎನ್ನಿ” ಎಂದರೆ ಯಾರೂ ಅನ್ನಲಿಲ್ಲ. ಸಭಾಧ್ಯಕ್ಷರು ಅದನ್ನು ಗಮನಿಸಲೂ ಇಲ್ಲ, ಅವರ ಮನಸ್ಸು ಆಗಲೇ ಊಟದ ಮೇಜಿನಲ್ಲಿತ್ತು.

“ವಿರೋಧವಾಗಿರುವವರು ಇಲ್ಲ ಎನ್ನಿ.”

ಹೆಡ್‌ಫೋನಿನಲ್ಲಿ ಜೊತೆಗಾರ ಕೇಳಿದ: “ಬಂದ್ ಆಯ್ತೇನೋ?”

ಯಂತ್ರಗಳ ವಿಷಯದಲ್ಲಿ ಮಾತ್ರ ಹೂಂರಾಯ ಸುಳ್ಳು ಹೇಳುವವನಲ್ಲ. ವೈರಿಗೆ ಮುಖವಿಲ್ಲ, ಅದು ಸಪ್ಪಗಾಗುವುದಿಲ್ಲ. ಮೇಲಾಗಿ, ಕಿವಿ ಮುಚ್ಚಿಕೊಂಡವನ ಮಾತು ಯಾವಾಗಲೂ ಕಿರುಚಾಟವೇ. ಅವನು ಮೇಜಿನಂಚಿನಿಂದ ತಲೆ ಎತ್ತಿ, ಮೈಕಿನ ಕತ್ತಿನ ಹತ್ತಿರ ಬಾಯಿಟ್ಟು ಗಂಟಲು ಹರಿಯುವಂತೆ ಕೂಗಿದ:

“ಇಲ್ಲಾ!”

ಹನ್ನೆರಡು ಧ್ವನಿವರ್ಧಕಗಳು ಒಟ್ಟಿಗೆ ‘ಇಲ್ಲಾ’ ಎಂದವು. ಕಿಟಕಿಯ ಗಾಜು ಅದುರಿತು. ಸಭಾಧ್ಯಕ್ಷರ ಕನ್ನಡಕ ಮೂಗಿನಿಂದ ಜಾರಿತು, ರಟ್ಟಿನ ಮೇಲಿದ್ದ ಬೆರಳೂ ಅದರ ಜೊತೆ ಒಂದು ಸಾಲು ಕೆಳಗೆ ಜಾರಿತು.

“ಇಲ್ಲ ಎನ್ನುವವರ ಪರವಾಗಿದೆ, ವಿಧೇಯಕ ತಿರಸ್ಕೃತ,” ಎಂದು ಓದಿದರು. “ಸದನವನ್ನು ಮೂರು ಗಂಟೆಗೆ ಮುಂದೂಡಲಾಗಿದೆ.” ಸುತ್ತಿಗೆ ಕುಟ್ಟಿ ಎದ್ದೇಬಿಟ್ಟರು.

ಏನಾಯಿತೆಂದು ಮೊದಲು ಅರ್ಥವಾದದ್ದು ಶೀಘ್ರಲಿಪಿಗಾರನಿಗೆ. ಅವನು ಪೆನ್ಸಿಲನ್ನು ಕೆಳಗಿಟ್ಟು “ಅಯ್ಯಯ್ಯೋ!” ಎಂದ. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಹತ್ತೇ ನಿಮಿಷದಲ್ಲಿ ಇಡೀ ಕಟ್ಟಡ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ವಿಧೇಯಕ ತಂದಿದ್ದ ಮಂತ್ರಿಗಳು “ನನ್ನ ವಿಧೇಯಕವನ್ನು ಕೊಂದೋರು ಯಾರು?” ಎಂದು ಪಡಸಾಲೆಯಲ್ಲಿ ಆಚೆಯಿಂದ ಈಚೆಗೆ ಓಡಾಡಿದರು. ವಿರೋಧ ಪಕ್ಷದ ನಾಯಕರು ಕ್ಯಾಂಟೀನಿನಿಂದ ಕೈ ತೊಳೆಯದೆಯೇ ಹೊರಬಂದು, “ಇದು ನಮ್ಮ ದೀರ್ಘ ಹೋರಾಟಕ್ಕೆ ಸಿಕ್ಕ ಜಯ!” ಎಂದು ಪತ್ರಕರ್ತರಿಗೆ ಹೇಳಿದರು. ಆಮೇಲೆ ಪಕ್ಕದವನನ್ನು “ಯಾವ ವಿಧೇಯಕವೋ ಅದು?” ಎಂದು ಕೇಳಿದರು. ಪಕ್ಕದವನಿಗೂ ಗೊತ್ತಿರಲಿಲ್ಲ. ಮುಖ್ಯ ಸಚೇತಕರು ಆ ಫೋನು ಮಾಡಿದವನನ್ನು ಹುಡುಕುತ್ತಿದ್ದರು.

ನಿಯಮದ ಪುಸ್ತಕ ತೆಗೆದು ನೋಡಿದರೆ, ಒಮ್ಮೆ ಬಿದ್ದ ವಿಧೇಯಕವನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಆ ಧ್ವನಿ ಸದಸ್ಯರದ್ದಲ್ಲ, ಬಾಯಿತಪ್ಪಿ ಬಂದದ್ದು ಎಂದು ಕೂಗಿದವನೇ ತನ್ನ ಕೈಯಾರೆ ಬರೆದುಕೊಡಬೇಕು.

ಹೂಂರಾಯನನ್ನು ಮೇಜಿನ ಕೆಳಗಿಂದ ಎಳೆದು ತಂದು ಕಾರ್ಯದರ್ಶಿಗಳ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಆ ಕೋಣೆಯಲ್ಲಿ ಅವನು ಒಂಬತ್ತು ವರ್ಷದಲ್ಲಿ ಕೂತದ್ದು ಅದೇ ಮೊದಲು. ಕೈಯಲ್ಲಿ ಬೆಸುಗೆಯ ಕಡ್ಡಿ, ಕಂಕುಳಲ್ಲಿ ಆ ಅಚ್ಚಿನ ಕಾಗದ.

“ಲೋ, ಹೆದರ್ಬೇಡ. ನಾನು ಹೇಳ್ದಂಗೆ ಬರಿ, ಸಾಕು,” ಎಂದ ಭಾವ.

“ಹೂಂ.”

ಭಾವ ಹೇಳಿಸಿದ ಮೊದಲ ಸಾಲು: ‘ನಾನು ಸದನದಲ್ಲಿ ಇಲ್ಲ ಎಂದು ಹೇಳಿಲ್ಲ.’

ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. ಅವರು ಒಂದು ಅಲ್ಪವಿರಾಮಕ್ಕಾಗಿ ಎರಡು ದಿನ ಕಡತ ತಡೆದಿಟ್ಟ ಮನುಷ್ಯ. “ಇಲ್ಲ ಎಂದು ಹೇಳಿಲ್ಲ ಅಂದ್ರೆ ಏನ್ರೀ ಅರ್ಥ? ಹೌದು ಅಂದ ಅಂತಲೇ? ಹೌದು ಅನ್ನೋಕೆ ಅವನ್ಯಾರು?”

ಆ ಕಾಗದ ಹರಿಯಿತು. ಎರಡನೆಯದರಲ್ಲಿ ಭಾವ ‘ಮೈಕು ಬಂದ್ ಆಗಿಲ್ಲ ಎಂಬ ಅರ್ಥದಲ್ಲಿ ಇಲ್ಲ ಎಂದೆ’ ಎಂದು ಬರೆಸಿದ.

“ಮೈಕು ಕೆಟ್ಟಿದೆ ಅಂತ ನಾವೇ ಒಪ್ಕೊಂಡಂಗೆ ಆಗಲ್ವಾ? ಆ ಮೈಕುಗಳನ್ನ ತರಿಸಿದ್ದು ಯಾರು ಗೊತ್ತೇನ್ರೀ?” ಎಂದರು ಕಾರ್ಯದರ್ಶಿಗಳು. ತರಿಸಿದ್ದು ಅವರೇ. “ನೋಡಿ, ಈ ಪತ್ರದಲ್ಲಿ ‘ಇಲ್ಲ’ ಅನ್ನೋ ಶಬ್ದವೇ ಇರಕೂಡದು.”

ಹೇಳುವುದು ಸುಲಭ. ‘ಇಲ್ಲ’ ಇಲ್ಲದೆ ಕ್ಷಮಾಪಣೆ ಬರೆಯುವುದು ಒಗ್ಗರಣೆಯಿಲ್ಲದೆ ಘಮಘಮಿಸು ಎಂದ ಹಾಗೆ. ‘ನನಗೆ ಯಾವ ದುರುದ್ದೇಶವೂ’ ಎಂಬಲ್ಲಿಗೆ ಬಂದು ಭಾವನಿಗೆ ಬೆವರು ಬಂತು. ಸ್ವಲ್ಪ ಹೊತ್ತು ಸೂರು ನೋಡಿ, ಕೊನೆಗೆ ‘ನನ್ನಲ್ಲಿ ದುರುದ್ದೇಶದ ಕೊರತೆಯಿತ್ತು’ ಎಂದು ಬರೆಸಿದ. ಕಾರ್ಯದರ್ಶಿಗಳಿಗೆ ಬಹಳ ಹಿಡಿಸಿತು.

ಅಷ್ಟರಲ್ಲಿ ಮಂತ್ರಿಗಳೇ ಒಳಗೆ ಬಂದರು. ಬಂದವರು ಹೂಂರಾಯನ ಹೆಗಲ ಮೇಲೆ ಕೈಯಿಟ್ಟರು. “ಒಂಬತ್ತು ವರ್ಷದಿಂದ ಹಂಗಾಮಿ ಅಂತೆ? ಛೆ, ಛೆ, ಅನ್ಯಾಯ. ಇಗೋ, ನಿನ್ನ ಕಾಯಂ ಆದೇಶ. ಒಂದು ಸಹಿ ಹಾಕೋದಷ್ಟೇ ಬಾಕಿ. ಮೊದ್ಲು ನೀನು ಬರೆದುಕೊಡು, ಆಮೇಲೆ ನಾನು ಹಾಕ್ತೀನಿ. ಆಗ್ಬಹುದಾ?”

“ಹೂಂ,” ಎಂದ ಹೂಂರಾಯ. ಆ ಕಾಗದಕ್ಕಾಗಿ ಅವನು ಎಷ್ಟು ಬಾಗಿಲ ಮುಂದೆ ನಿಂತಿದ್ದನೋ ಲೆಕ್ಕವಿರಲಿಲ್ಲ.

“ವಿಧೇಯಕದ ಹೆಸರು ಪೂರ್ತಿ ಬರಿಬೇಕು. ಅಕ್ಷರ ಬಿಡ್ಬಾರದು. ಆ ಪ್ರತಿ ನಿನ್ನ ಕಂಕುಳಲ್ಲೇ ಇದೆಯಲ್ಲ,” ಎಂದರು ಕಾರ್ಯದರ್ಶಿಗಳು.

ಬಿಸಿ ಕಡ್ಡಿ ಇಟ್ಟು ಕಂದು ಕಲೆಯಾದ ಆ ಕಾಗದವನ್ನು ಹೂಂರಾಯ ಬಿಡಿಸಿ ಮೇಜಿನ ಮೇಲಿಟ್ಟ. ಅವನದು ಒಂದೊಂದೇ ಅಕ್ಷರ ಕೂಡಿಸಿ ಓದಿ ಬರೆಯುವ ಕೈ. ‘ಸ್ವಂತ ಮಳಿಗೆಯಿಲ್ಲದೆ’ ಎಂದು ಬರೆದ. ಅದರಲ್ಲೊಂದು ‘ಇಲ್ಲ’ ನುಸುಳಿತ್ತು, ಆದರೆ ಅದು ಸರಕಾರದ್ದಾದ್ದರಿಂದ ಕಾರ್ಯದರ್ಶಿಗಳು ಸುಮ್ಮನಿದ್ದರು. ‘ಬೀದಿಬದಿಯಲ್ಲಿ ಕುಳಿತು’ ಎಂದು ಬರೆದ. ‘ಹೊಲಿಗೆ’ ಎಂದು ಬರೆದ. ಪೆನ್ನು ನಿಂತಿತು.

ಉಳಿದದ್ದನ್ನು ಅವನು ಬರೆಯದೆ ಓದಿದ. ‘ಬೀಗದ ಕೈ, ಕೊಡೆ, ಪಾದರಕ್ಷೆ ಮುಂತಾದ ರಿಪೇರಿ ನಡೆಸುವವರ ತೆರವು ಮತ್ತು ಸಾಮಗ್ರಿ ಜಪ್ತಿ ವಿಧೇಯಕ.’

“ಸಾರ್, ಸಾಮಗ್ರಿ ಅಂದ್ರೆ ಹೊಲಿಗೆ ಮಿಷನ್ನೂ ಸೇರತ್ತಾ?”

ಮಂತ್ರಿಗಳು ಕಾರ್ಯದರ್ಶಿಗಳ ಮುಖ ನೋಡಿದರು. ವಿಧೇಯಕದ ಹೆಸರಿನಿಂದಾಚೆಗೆ ಅವರೂ ಓದಿರಲಿಲ್ಲ. “ಮೂರನೇ ಕಲಮು,” ಎಂದರು ಕಾರ್ಯದರ್ಶಿಗಳು. “ಮಿಷನ್ನು, ಸ್ಟೂಲು, ಟಾರ್ಪಾಲು, ಎಲ್ಲಾ ಸೇರತ್ತೆ. ಅದೆಲ್ಲ ನಿನಗ್ಯಾಕೆ? ಬರಿ, ಬರಿ.”

“ಇಲ್ಲ,” ಎಂದ ಹೂಂರಾಯ.

ಆ ಶಬ್ದ ಆ ಬಾಯಿಂದ ಬಂದು ಯಾರಿಗೂ ಅಭ್ಯಾಸವಿರಲಿಲ್ಲವಾದ್ದರಿಂದ ಯಾರಿಗೂ ಅರ್ಥವಾಗಲಿಲ್ಲ.

“ಇಂಕು ಇಲ್ವಂತೆ,” ಎಂದ ಭಾವ. ಕಾರ್ಯದರ್ಶಿಗಳು ತಮ್ಮ ಪೆನ್ನು ಕೊಟ್ಟರು.

“ಇಲ್ಲ ಸಾರ್.”

“ಬೆಳಕಿಲ್ವೇನೋ,” ಎಂದು ಮಂತ್ರಿಗಳು ಪರದೆ ಸರಿಸಿದರು.

“ಇಲ್ಲ.”

“ಜಾಗ ಇಲ್ವಾ?” ಎಂದು ಭಾವ ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ತೆಗೆದು ನೆಲಕ್ಕಿಟ್ಟ. ಸರಕಾರ ಹೂಂರಾಯನಿಗಾಗಿ ಇಷ್ಟು ಮೈಬಗ್ಗಿಸಿದ್ದು ಅದೇ ಮೊದಲು.

ಹೂಂರಾಯ ಎದ್ದು ನಿಂತ. “ಇಂಕಿದೆ ಸಾರ್. ಬೆಳಕಿದೆ. ಜಾಗಾನೂ ಇದೆ. ನಾನು ಬರೆಯೋದಿಲ್ಲ.”

“ಯಾಕೆ?” ಎಂದರು ಮಂತ್ರಿಗಳು.

ನಲವತ್ತಾರು ವರ್ಷ ಅವನು ಹೆದರಿದ್ದ ಪ್ರಶ್ನೆ ಅದು. ಎದುರಿಗೆ ಬಂದು ನಿಂತಾಗ ನೋಡಿದರೆ ಉತ್ತರ ಬಾಯಲ್ಲೇ ಇತ್ತು. “ಆಗ ಬಾಯಿತಪ್ಪಿ ಹೇಳಿದ್ದೆ ಸಾರ್, ನಿಜ. ಇದನ್ನ ಓದಿರಲಿಲ್ಲ. ಈಗ ಓದಿದೀನಿ. ಈಗ ಹೇಳ್ತಿರೋದು ಬಾಯಿತಪ್ಪಿ ಅಲ್ಲ.”

“ಲೋ, ಯಾರ ಮುಂದೆ ಮಾತಾಡ್ತಿದೀಯ ಗೊತ್ತಾ?” ಎಂದು ಭಾವ ಕೂಗಿದ.

“ಗೊತ್ತು ಭಾವ. ಅದು ನಿಮ್ಮ ತಂಗಿ ಮಿಷನ್ನು. ಮದುವೇಲಿ ನೀವೇ ಹೊತ್ಕೊಂಡು ಬಂದು ಕೊಟ್ಟಿದ್ದು.”

ಭಾವ ನೆಲದ ಮೇಲಿದ್ದ ಕಡತಗಳನ್ನು ಜೋಡಿಸುವುದರಲ್ಲಿ ಮಗ್ನನಾದ.

ಮಂತ್ರಿಗಳು ಕಾಯಂ ಆದೇಶವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. “ನಾಳೆಯಿಂದ ಇವನು ಬರೋದು ಬೇಡ. ಆ ಅರವತ್ತಮೂರರ ಅಜ್ಜನ್ನೇ ಎಬ್ಬಿಸಿ. ‘ಆ ಧ್ವನಿ ನನ್ನದಲ್ಲ’ ಅಂತ ಅವರು ಸದನದಲ್ಲಿ ಎರಡು ಮಾತು ಹೇಳಿದ್ರೆ ಮುಗೀತು. ಹೊರಗಿನೋನ ಧ್ವನಿ ಅಂತಾಗತ್ತೆ, ಮತ್ತೆ ಮತಕ್ಕೆ ಹಾಕೋಣ.”

ಮೂರು ಗಂಟೆಗೆ ಗಂಟೆ ಹೊಡೆಯಿತು. ಸದನ ಕಿಕ್ಕಿರಿದಿತ್ತು. ಮುಖ್ಯ ಸಚೇತಕರು ಫೋನನ್ನು ಮನೆಗೇ ಕಳಿಸಿ, ‘ಹೌದು’ ಎನ್ನುವುದಕ್ಕೆ ಎಲ್ಲರನ್ನೂ ಸಾಲಾಗಿ ಕೂರಿಸಿದ್ದರು. ಆದರೆ ಯಂತ್ರಗಳಿಗೂ ಒಂದು ಹಟ. ಊಟಕ್ಕೆ ಮುಂಚೆ ಬಂದ್ ಆಗದಿದ್ದ ಅರವತ್ತಮೂರನೇ ಮೈಕು ಈಗ ಸತ್ತು ಬಿದ್ದಿತ್ತು. ‘ನಾಳೆಯಿಂದ’ ಬೇಡವಾಗಿದ್ದ ಹೂಂರಾಯ ಇವತ್ತಿನ ಮಟ್ಟಿಗೆ ಮತ್ತೆ ಮೇಜಿನ ಕೆಳಗೆ ಹೋಗಬೇಕಾಯಿತು.

ಅವನು ವೈರು ಕೆರೆಯುತ್ತಿರುವಾಗ ಮೇಲಿನಿಂದ ಒಂದು ಮುಖ ಬಗ್ಗಿತು.

“ಊಟಕ್ಕೆ ಮುಂಚೆ ಕೂಗಿದ್ದು ನೀನೇನಾ?” ಮೌನಿ ಅಜ್ಜ ಪಿಸುಗುಟ್ಟಿದರು.

“ಹೂಂ ಸಾರ್.”

“ಏನಂದೆ?”

“ಇಲ್ಲ ಅಂದೆ.”

“ಯಾಕೆ?”

“ಆಗ ಬಾಯಿತಪ್ಪಿ ಬಂತು, ಈಗ ಕೇಳಿದ್ರೂ ಅದೇ ಹೇಳ್ತೀನಿ. ನನ್ನ ಹೆಂಡತಿ ಬೀದೀಲಿ ಕೂತು ಹೊಲೀತಾಳೆ ಸಾರ್. ಮಿಷನ್ ಕಿತ್ಕೊಂಡು ಹೋಗ್ತಾರಂತೆ.”

“ಮೈಕ್ ಸರಿ ಮಾಡು,” ಎಂದಷ್ಟೇ ಹೇಳಿ ಅಜ್ಜ ಮುಖ ಮೇಲೆತ್ತಿಕೊಂಡರು.

ಸರಿ ಮಾಡಿದರೆ ತನ್ನ ಕತ್ತಿಗೆ ತಾನೇ ಹಗ್ಗ ಬಿಗಿದ ಹಾಗೆ ಎಂದು ಹೂಂರಾಯನಿಗೆ ಗೊತ್ತಿತ್ತು. ಆದರೂ ಕೆಟ್ಟ ವೈರನ್ನು ಕೆಟ್ಟದ್ದಾಗಿಯೇ ಬಿಡುವುದು ಅವನ ಕೈಗೆ ಬಾರದ ವಿದ್ಯೆ. ಎರಡು ಎಳೆ ಸೇರಿಸಿ ತಿರುಚಿದ. ಮೈಕಿನ ಕೆಂಪು ದೀಪ ಹೊತ್ತಿತು.

“ಅರವತ್ತಮೂರನೇ ಆಸನದ ಮಾನ್ಯ ಸದಸ್ಯರೇ,” ಎಂದರು ಸಭಾಧ್ಯಕ್ಷರು, “ಊಟಕ್ಕೆ ಮುಂಚೆ ‘ಇಲ್ಲ’ ಎಂದ ಧ್ವನಿ ತಮ್ಮದಲ್ಲವಷ್ಟೆ?”

ಅಜ್ಜ ಎದ್ದು ನಿಂತರು. ಶೀಘ್ರಲಿಪಿಗಾರ ಹೊಸ ಪೆನ್ಸಿಲು ತೆಗೆದ.

“ನನ್ನದೇ,” ಎಂದರು ಅಜ್ಜ.

ಸದನಕ್ಕೆ ಸದನವೇ ಬೆಚ್ಚಿತು. ಮಂತ್ರಿಗಳು ನೆಗೆದು ನಿಂತರು. “ಸಭಾಧ್ಯಕ್ಷರೇ, ಮಾನ್ಯ ಸದಸ್ಯರು ಆ ಹೊತ್ತಿನಲ್ಲಿ ನಿದ್ದೆ ಮಾಡ್ತಿದ್ರು!”

“ಮಾಡ್ತಿದ್ದೆ,” ಎಂದರು ಅಜ್ಜ. “ಆದ್ರೆ ಸ್ವಾಮಿ, ನಾಲ್ಕು ವರ್ಷದಿಂದ ಈ ಸದನದಲ್ಲಿ ನಿದ್ದೆ ಮಾಡ್ತಿರೋರ ‘ಹೌದು’ಗಳನ್ನೆಲ್ಲ ಎಣಿಸಿಕೊಂಡೇ ಬಂದಿದೀರಿ. ನನ್ನ ಒಂದು ‘ಇಲ್ಲ’ ಎಣಿಸೋಕೆ ಏನು ಕಷ್ಟ? ನನ್ನ ಹೆಸರಲ್ಲಿ ಈ ಕಡತದಲ್ಲಿರೋದು ಅದೊಂದೇ ಮಾತು. ಅದನ್ನೂ ಕಿತ್ಕೊಳ್ತೀರಾ?”

ವಿರೋಧ ಪಕ್ಷದವರು ಮೇಜು ಕುಟ್ಟಿದರು. ಆಳುವ ಪಕ್ಷದ ಹಿಂದಿನ ಸಾಲಿನವರೂ ಯಾರೂ ನೋಡದಂತೆ ಮೆಲ್ಲಗೆ ಕುಟ್ಟಿದರು. ಸಭಾಧ್ಯಕ್ಷರು ರಟ್ಟು ನೋಡಿದರು. ಮೇಲಿನ ಸಾಲಿನಲ್ಲೂ ಇದಕ್ಕೆ ಉತ್ತರವಿರಲಿಲ್ಲ, ಕೆಳಗಿನದರಲ್ಲೂ ಇರಲಿಲ್ಲ. “ಧ್ವನಿ ಸದಸ್ಯರದ್ದೇ ಎಂದು ದಾಖಲಾಗಲಿ. ವಿಧೇಯಕ ಬಿದ್ದದ್ದು ಬಿದ್ದದ್ದೇ,” ಎಂದು ಸುತ್ತಿಗೆ ಕುಟ್ಟಿದರು.

ಹೂಂರಾಯ ಮೇಜಿನ ಕೆಳಗಿನಿಂದ ತೆವಳಿ ಹೊರಬಂದ, ಚಪ್ಪಲಿ ಹಾಕಿಕೊಂಡ, ಮನೆಗೆ ಹೋದ.

ನಡೆದದ್ದನ್ನೆಲ್ಲ ಕೇಳಿ ಹೆಂಡತಿ ಮಿಷನ್ನು ನಿಲ್ಲಿಸಲಿಲ್ಲ. “ಕೆಲಸ ಹೋಯ್ತಾ?” ಎಂದಳು.

“ಹೂಂ.”

“ಮಿಷನ್ ಉಳೀತಾ?”

“ಹೂಂ.”

“ಸರಿ ಬಿಡಿ. ಮುಂದಿನ ಅಧಿವೇಶನದಲ್ಲಿ ಮತ್ತೆ ತಂದ್ರೆ ಮತ್ತೆ ನೋಡ್ಕೊಳೋಣ,” ಎಂದು ಸೂಜಿಗೆ ದಾರ ಪೋಣಿಸಿದಳು.

ಅಷ್ಟರಲ್ಲಿ ಫೋನು ಬಂತು. ಆ ಕಡೆ ಭಾವ. ಹಿನ್ನೆಲೆಯಲ್ಲಿ ಮಂತ್ರಿಗಳ ಭಾಷಣ, ಅದಕ್ಕೂ ಹಿನ್ನೆಲೆಯಲ್ಲಿ, ಅಲ್ಲ, ಮುನ್ನೆಲೆಯಲ್ಲಿ, ಹನ್ನೆರಡು ಧ್ವನಿವರ್ಧಕಗಳ ಗೊರಕೆ.

“ಕೇಳಿಸ್ತಿದೆಯಾ? ಅಜ್ಜ ಮತ್ತೆ ಮಲಗಿದಾರೆ, ಮೈಕು ಮತ್ತೆ ಬಂದ್ ಆಗ್ತಿಲ್ಲ. ಆ ವೈರು ಎಲ್ಲಿ ತಿರುಚಿದೀರೋ ನಿಮ್ಮನ್ನ ಬಿಟ್ರೆ ಯಾರಿಗೂ ಸಿಗ್ತಿಲ್ಲ. ಸ್ವಲ್ಪ ಬನ್ನಿ, ದಯವಿಟ್ಟು!”

‘ನೀವು’ ಎಂದದ್ದನ್ನು ಹೂಂರಾಯ ಗಮನಿಸಿದ. ಭಾವ ಕಚೇರಿಯ ಒಳಗೇ ಇದ್ದ, ಮೆಟ್ಟಿಲು ಇಳಿದಿರಲಿಲ್ಲ. “ಮಂತ್ರಿಗಳ ಜೇಬಲ್ಲಿ ಒಂದು ಕಾಗದ ಇದೆ ಭಾವ. ಸಹಿ ಹಾಕಿ ಕಳಿಸೋಕೆ ಹೇಳಿ. ಬರ್ತೀನಿ.”

“ಮೊದ್ಲು ಬನ್ನಿ, ಆಮೇಲೆ ಅದನ್ನ...”

“ಇಲ್ಲ,” ಎಂದು ಹೂಂರಾಯ ಫೋನು ಇಟ್ಟ.

ಎದುರುಮನೆಯ ಬಾಗಿಲು ತೆರೆಯಿತು. ಮೇಷ್ಟ್ರು ಬೀದಿ ದಾಟಿ ಬಂದರು. “ಏನಪ್ಪಾ ಹೂಂರಾಯ, ಬೆಳಿಗ್ಗೆ ತಗೊಂಡು ಹೋದೋನು ಇನ್ನೂ ಕೊಟ್ಟಿಲ್ಲ. ಏಣಿ ಇದೆಯೋ?”

“ಇಲ್ಲ ಸಾರ್.”

“ಇಲ್ವಾ? ಅಲ್ಲೇ ಗೋಡೆಗೆ ಒರಗಿಕೊಂಡಿದೆಯಲ್ಲೋ!”

“ಏಣಿ ಇದೆ ಸಾರ್. ಕೊಡೋದು ಇಲ್ಲ.”

ಅಷ್ಟು ಹೊತ್ತೂ ಓಡುತ್ತಿದ್ದ ಹೊಲಿಗೆ ಮಿಷನ್ನು ನಿಂತಿತು. ಹೆಂಡತಿ ಟಾರ್ಪಾಲಿನ ಅಂಚನ್ನು ಸರಿಸಿ, ಕತ್ತು ಹೊರಗೆ ಚಾಚಿ, ಮೇಲೆ ನೋಡಿದಳು. ಆಕಾಶ ಇದ್ದಲ್ಲೇ ಇತ್ತು. ಅವಳು ಮತ್ತೆ ಮಿಷನ್ನು ತುಳಿಯತೊಡಗಿದಳು.